ನಡುವಿನ ಗ್ವಾಡಿ

ಕಿಲ್ಲಾದ ಓಣಿಯಾಗ ಜೆಸಿಬಿ ತಿರುಗಲಿಲ್ಲ.
ಹಾರಿ, ಗುದ್ದಲಿ, ಆರು ಕತ್ತೆ.
ಹಮೀದಾಬಿಯ ಮಾಳಿಗಿ
ಹನ್ನೊಂದು ದಿನ ಇಳೀತು, ಬುಟ್ಟಿ ಬುಟ್ಟಿಯಾಗಿ.

ಮೂವತ್ತೆಂಟು ವರ್ಷ ಒರಗಿ ಕುಂತ ಗ್ವಾಡಿ,
ಅದರ ಬೆನ್ನು ಈಗ ನೋಡಿದೆ:
ಹಸಿರು ಸುಣ್ಣ, ಹಸಿರಿನಡಿ ನೀಲಿ,
ನೀಲಿಯಡಿ ಬರೇ ಕೆಮ್ಮಣ್ಣು.
ಒಲಿ ಇದ್ದಲ್ಲಿಂದ ಮಸಿಯ ಗಿಡವೊಂದು
ಜಂತಿಯ ತೂತಿನತನಕ ಬೆಳೆದೈತಿ.
ಬಾಗಿಲ ಮೂಲ್ಯಾಗ ಪೆನ್ಸಿಲಿನ ಗೀಟು,
ಮುನೀರ, ಮುನೀರ, ಒಂದು ಗೇಣು ಮ್ಯಾಲ ಮತ್ತ ಮುನೀರ.
ಆಮ್ಯಾಲ ಅವಗ ನಿಲ್ಲಾಕ ಪುರಸೊತ್ತಿರಲಿಲ್ಲ.

ಈಗ ನಕ್ಷೆ ಹಿಡಕೊಂಡು ನಿಂತಾವನೂ ಅವನ:
"ಮೂರಂತಸ್ತು, ಚಿಗವ್ವಾ. ಕೆಳಗ ಬರೇ ಗಾಡಿ."
ಅವನ ಎತ್ತರ ಅಲ್ಲೇ, ಅವನ ಸೊಂಟದ ಮಟ್ಟಕ್ಕ,
ಬಿಸಿಲು ಕಾಯಾಕ್ಹತ್ತಿತ್ತು.

ನಮ್ಮ ಗೂಡಿನ ಹಿಂದ ಅಂಗೈಯಗಲದ ಕಿಂಡಿ.
ಅದರಾಗ ಹೆಪ್ಪು ಹೋಗತಿತ್ತು, ಮದರಂಗಿ ಬರತಿತ್ತು,
ಅತ್ತೆಂದಿರ ಮ್ಯಾಲಿನ ಚಾಡಿ
ಎರಡೂ ಕಡೆಯಿಂದ.
ಈಗ ಹತ್ತು ಗಂಟೆಗೆ ಬಿಸಿಲು ಬರತೈತಿ,
ಜ್ವಾಳದ ಹಿಟ್ಟಿನ ಮ್ಯಾಲ ಕೂಡತೈತಿ.
ಇಷ್ಟು ವರ್ಷ ಈ ಅಡಿಗಿಮನಿ ಕತ್ತಲಿತ್ತು ಅನ್ನೋದು
ನನಗ ಗೊತ್ತೇ ಇರಲಿಲ್ಲ.
ಹೇಳಾಕ ನಾಚಿಕಿ: ಚಂದ ಐತಿ.

ಹಮೀದಾಬಿ ಬಾಡಿಗಿ ಮನಿಯಿಂದ ಫೋನು ಮಾಡತಾಳ.
ಪಾಯದ ಸುದ್ದಿ ಕೇಳಂಗಿಲ್ಲ, ಕಂಬದ ಸುದ್ದಿ ಕೇಳಂಗಿಲ್ಲ.
"ಕಿಂಡಿ ಐತೇನ?"

ಇವತ್ತ ಗೌಂಡಿ, ಕರಣಿಯಾಗ ಸಿಮೆಂಟು ಹಿಡಿದು
ಆ ಕಡೆಯಿಂದ ಕಣ್ಣಿಟ್ಟ:
"ಮುಚ್ಚಲೇನ್ರಿ, ಅವ್ವಾರ?"
ತಡಿಯಪ್ಪ, ಅಂದೆ.
ಇನ್ನ ನಾಕು ರೊಟ್ಟಿ ಅದಾವ.