ಮುಕ್ಕಾಲು ಇಂಚಿಗೆ ಒಂದು ಗಂಟೆ

ಸಾಲಿಯ ಗ್ಲೋಬನ್ನು ವೇಲಿನಲ್ಲಿ ಕಟ್ಟಿ
ಕಲ್ಲಂಗಡಿ ತಂದಂತೆ ತಂದಳು ಹುಲಿಗೆಮ್ಮ,
ನನ್ನ ತಂಗಿಯ ಮಗಳು, ಏಳನೇ ಕ್ಲಾಸು.
ದಿಲ್ಲಿಯ ವಿಮಾನ ನಿಲ್ದಾಣದಿಂದ ವ್ಯಾಂಕೂವರಿನದಕ್ಕೆ
ದೂರ ಎಷ್ಟು, ಹಾರಲು ಎಷ್ಟು ಹೊತ್ತು?
ಪಂಪನಗೌಡ ಮೇಷ್ಟ್ರು ಕೊಟ್ಟ ಲೆಕ್ಕ.
ನಕಾಶೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿದ್ದಾಳೆ
ಟರ್ಕಿ ದಾಟಿ, ಸ್ಪೇನ್ ದಾಟಿ, ಇಡೀ ಒಂದು ಸಮುದ್ರ ದಾಟಿ.
ತಪ್ಪು, ಅಂದರಂತೆ.

ತಪ್ಪೇ ಮತ್ತೆ. ಹಾಸಿದ ಬಟ್ಟೆ ಬೇರೆ,
ಮೈಮೇಲಿನ ಬಟ್ಟೆ ಬೇರೆ.
ಹೊಟ್ಟೆ ಇದ್ದವನಿಗೆ ಚಪ್ಪಟೆ ಕತ್ತರಿಸಿ ಕೊಟ್ಟು
ಬೈಸಿಕೊಂಡಿದ್ದೇನೆ ನಾನು,
ಮದುವೆಯ ಹಿಂದಿನ ರಾತ್ರಿ, ಮದುಮಗನಿಂದ.

ತಾ ಇಲ್ಲಿ, ಎಂದು ಟೇಪು ಸುತ್ತಿದೆ.
ಭೂಮಿಯ ಸೊಂಟ ಮೂವತ್ತೇಳು ಮುಕ್ಕಾಲು.
'ಮೂವತ್ತೆಂಟರ ಪ್ಯಾಂಟು ಸಾಕು, ಬೆಲ್ಟು ಬೇಕಾಗ್ತದೆ'
ಅಂದ ಕಾಜಾ ಮಿಷನ್ನಿನ ಮಹಬೂಬ.
ನಲವತ್ತು ಸಾವಿರ ಕಿಲೋಮೀಟರಿನ ಸೊಂಟ;
ಇಂಚಿಗೆ ಸಾವಿರದ ಅರವತ್ತು. ಅವಳೇ ಭಾಗಿಸಿದಳು.

ಜೇಬಿನ ಅಂಚಿಗೆ ಹೊಡೆಯುವ ಕಿತ್ತಳೆ ದಾರ.
ಒಂದು ತುದಿ ದಿಲ್ಲಿಯಲ್ಲಿ ನಾನು ಒತ್ತಿ ಹಿಡಿದೆ
(ಅದೇ ಹೆಬ್ಬೆರಳಿನ ಕೆಳಗೆ ಬಳ್ಳಾರಿಯೂ ಇತ್ತು),
ಇನ್ನೊಂದನ್ನು ಅವಳು ಎಳೆದಳು.
ದಾರಕ್ಕೆ ನಕಾಶೆ ಗೊತ್ತಿಲ್ಲ.
ಬಿಗಿದಷ್ಟೂ ತಾನೇ ಜಾರಿ ಜಾರಿ ಉತ್ತರಕ್ಕೆ ಏರಿತು:
ಹಿಮಾಲಯ, ಸೈಬೀರಿಯಾ, ಯಾರೂ ಇಲ್ಲದ ಬಿಳಿ,
ಧ್ರುವದ ಹಿತ್ತಾಳೆ ಸ್ಕ್ರೂಗೆ
ತಗುಲಿಯೂ ತಗುಲದೆ ಆಚೆ ಇಳಿಯಿತು.
ಅಲುಗದಿರಲೆಂದು ನಡುವೆ ಬೆರಳಿಟ್ಟು ಅಳೆದೆ.
ಹತ್ತೂವರೆ.
ಅಯ್ಯೋ, ಇದು ಮೂವತ್ತನಾಲ್ಕರ ಪ್ಯಾಂಟಿನ ಆಸನ!
ದಿನಕ್ಕೆ ಇಪ್ಪತ್ತೈದು ಸಲ ಹೊಲಿಯುತ್ತೇನೆ.

ಹನ್ನೊಂದು ಸಾವಿರದ ನೂರಾ ಮೂವತ್ತು.
ಎಂಟುನೂರರ ವೇಗಕ್ಕೆ ಹದಿನಾಲ್ಕು ಗಂಟೆ,
ಅಂದರೆ ಗಂಟೆಗೆ ಮುಕ್ಕಾಲು ಇಂಚು.
ನನ್ನ ಮಿಷನ್ನು ಅಷ್ಟು ನಿಧಾನ ಓಡಿದರೆ
ಸೇಟು ಸಂಬಳ ಕೊಡುತ್ತಾನೇನು?

'ಮಾಮ, ನೀನು ವಿಮಾನ ಹತ್ತೀಯೇನು?'
ತೋರಣಗಲ್ಲಿನಲ್ಲಿ ಇಳಿಯುವುದನ್ನು ನೋಡಿದ್ದೇನೆ,
ಬಸ್ಸಿನ ಕಿಟಕಿಯಿಂದ.
ಅವಳು ಬಿಡಲಿಲ್ಲ. ಜೀನ್ಸಿಗೆ ದಾರ ಎಷ್ಟು?
ಇನ್ನೂರು ಮೀಟರು ಅನ್ನು.
ವರ್ಷ ಎಷ್ಟು? ಇಪ್ಪತ್ತೆರಡು.
ಅಮಾವಾಸ್ಯೆ, ರಜೆ, ನನ್ನ ಟೈಫಾಯಿಡು, ಎಲ್ಲ ಕಳೆದು
ಪೆನ್ಸಿಲು ಕಚ್ಚಿ ಹೇಳಿದಳು:
'ಹೋಗಿದ್ದೀಯ, ಬಂದಿದ್ದೀಯ, ಮತ್ತೆ ಹೋಗಿದ್ದೀಯ.
ಲೆಕ್ಕದ ಪ್ರಕಾರ ನೀನೀಗ ಅಲ್ಲಿದ್ದೀಯ.'

ಅಷ್ಟರಲ್ಲಿ ಕರೆಂಟು ಹೋಯಿತು.
ಕೌಲ್ ಬಜಾರಿನ ಮಿಷನ್ನುಗಳು ಒಟ್ಟಿಗೆ ನಿಂತವೆಂದರೆ
ಕಿವಿ ಗವ್ವೆಂದು ಮುಚ್ಚಿಕೊಳ್ಳುತ್ತದೆ.
ಅಷ್ಟು ಎತ್ತರದಲ್ಲೂ ಹಾಗೇ ಆಗುತ್ತದಂತೆ.
ಹಾಗೇ ಕೂತಿದ್ದೆ ಸ್ವಲ್ಪ ಹೊತ್ತು.

ಐದಕ್ಕೆ ಮೂರು ಬಂತು. ರೀತಿ ತೋರಿಸಿಲ್ಲವಂತೆ;
ದಾರವನ್ನೇ ಪುಟಕ್ಕೆ ಅಂಟಿಸಿದ್ದಳು, ಇನ್ನೇನು ತೋರಿಸಬೇಕಿತ್ತೋ.
ಗ್ಲೋಬು ತಿರುಗಿಸಿ ನೋಡಿ ಮೇಷ್ಟ್ರು,
ಸೈಬೀರಿಯಾದ ನಟ್ಟನಡುವೆ
'ಇದ್ಯಾವ ಸಮುದ್ರ?' ಅಂದರಂತೆ.
ಜೀನ್ಸು ಹಿಡಿದ ಕೈಯ ನೀಲಿ
ತೊಳೆದರೆ ಹೋಗುವಂಥದಲ್ಲ.
'ನಮ್ಮ ಮಾಮಂದು ಸಾರ್'
ಅಂದಳಂತೆ.