ಗೆರೆ ಬೀಳುವ ಹೊತ್ತು

ಸಂಜೆ ಅಪ್ಪ ತಂದು ಸುರಿದದ್ದು
ಹದಿನಾಲ್ಕು ಎರಿಸೊ, ಕಡಲಡಿಯ ಮುಳ್ಳುಚೆಂಡು.
ಒಂದರ ಮುಳ್ಳು ಅವನ ಹೆಬ್ಬೆರಳಲ್ಲೇ ಮುರಿದಿತ್ತು.
‘ನಿನ್ನ ಲ್ಯಾಬಿಗೆ ಏಳು, ಎದೆಲ್ಮಿರಾ,
ನನ್ನ ನಿಂಬೆಹಣ್ಣಿಗೆ ಏಳು’
ಎಂದು ಪಾಲು ಮಾಡಿದ.

ಚಿಲೊಯೆ ದ್ವೀಪ. ಆಗಸ್ಟಿನ ಚಳಿ.
ಕಂಬಗಳ ಮೇಲೆ ನಿಂತ ಲ್ಯಾಬಿನ ಕೆಳಗೆ
ಭರತದ ನೀರು ಹಲಗೆ ತಟ್ಟುತ್ತಿತ್ತು.
ಗಾಜಿನ ಬಟ್ಟಲಲ್ಲಿ ತತ್ತಿಗಳು, ರವೆಗಿಂತ ಸಣ್ಣ.
ಗಂಡಿನದೊಂದು ಹನಿ ಬಿಟ್ಟೆ, ಹಾಲು ಕದಡಿದ ಹಾಗೆ.
ಪುಸ್ತಕದಲ್ಲಿ ಬರೆದೆ: ಒಂಬತ್ತು ಹತ್ತು.

ಇನ್ನು ಕಾಯುವುದೇ ಕೆಲಸ.
ಒಳಗೆ ಯಾರೋ ಮನೆ ಬಿಡುವ ತಯಾರಿ:
ಪ್ರತಿ ಎಳೆಗೂ ಅದರದೇ ಪ್ರತಿ,
ಅಕ್ಷರ ಬಿಡದ ನಕಲು,
ಆಮೇಲೆ ಜೋಡಿಜೋಡಿಯಾಗಿ ನಡುಮನೆಯಲ್ಲಿ ಸಾಲು.

ನಮ್ಮೂರ ಮಿಂಗಾದಲ್ಲಿ
ಇಡೀ ಮರದ ಮನೆಗೆ ಹಗ್ಗ ಬಿಗಿದು
ಎತ್ತು, ನೆಂಟರು, ಜಗಳವಾಡಿದ ನೆರೆಯವರೂ ಸೇರಿ
ಗುಡ್ಡದಿಂದ ದಂಡೆಗೆ ಎಳೆಯುತ್ತಾರೆ, ಒಂದೇ ಕಡೆಗೆ.
ಇಲ್ಲಿ ಹಗ್ಗ ಎರಡೂ ಕಡೆಗೆ.
ಯಾರೂ ಗೆಲ್ಲಬಾರದ ಜಗ್ಗಾಟ.

ಹನ್ನೊಂದೂವರೆಗೆ ಕರೆಂಟು ಹೋಯಿತು.
ಡ್ರಾಯರು, ಬೆಂಕಿಪೊಟ್ಟಣ, ಬೈಗುಳ.
ಕೊನೆಗೆ ಅಪ್ಪನ ಮುಳುಗುವ ಟಾರ್ಚನ್ನು
ಸೂಕ್ಷ್ಮದರ್ಶಕದ ಕನ್ನಡಿಗೆ ಹಿಡಿದಾಗ
ನಡುವೆ ಗೆರೆ.
ಎರಡು.

‘ಹುಟ್ಟಿತೇ?’ ಎಂದ, ಬೂಟಿನ ನೀರು ಬಸಿಯುತ್ತ.
ಹುಟ್ಟಲಿಲ್ಲ. ಒಡೆಯಿತು.
‘ಹಾಗಾದರೆ ಹಳೆಯದು ಎಲ್ಲಿ ಹೋಯಿತು?’
ಬಟ್ಟಲು ನೋಡಿದೆ. ಸತ್ತದ್ದೇನೂ ತೇಲುತ್ತಿರಲಿಲ್ಲ.
ಹೆಣವಿಲ್ಲ, ಚರ್ಚಿನ ಗಂಟೆಯಿಲ್ಲ,
ಎರಡರಲ್ಲಿ ಯಾವುದೂ ತಾಯಿಯಲ್ಲ.

‘ಬೆಳೆಯಿತಾದರೂ ತಾನೆ?’
ಅದೂ ಇಲ್ಲ. ಇವು ಸದ್ಯಕ್ಕೆ ಬೆಳೆಯುವುದಿಲ್ಲಪ್ಪ.
ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ
ಒಂದೇ ರೊಟ್ಟಿಯನ್ನು ಸಣ್ಣಗೆ ಮುರಿಯುತ್ತ ಹೋಗುತ್ತವೆ.
ಬಾಯಿ ಮೂಡಿ ಮೊದಲ ತುತ್ತು ಸಿಗುವ ತನಕ
ತಾಯಿ ಕಟ್ಟಿಕೊಟ್ಟ ಬುತ್ತಿ, ಅಷ್ಟೇ.
ನಿನ್ನ ಹೆಬ್ಬೆರಳ ಲೆಕ್ಕ ಬೇರೆ:
ಅಲ್ಲಿ ಕಣ ಉಂಡು, ಉಬ್ಬಿ,
ಇಬ್ಬರಿಗಾಗುವಷ್ಟಾದ ಮೇಲೆ ಒಡೆಯುತ್ತದೆ,
ಗಾಯದ ಆಚೆ ದಡದವರ ಮೈ ತಾಗಿದರೆ
ಸಾಕೆಂದು ನಿಲ್ಲುತ್ತದೆ.

‘ನಿಲ್ಲುವುದನ್ನು ಮರೆತರೆ?’

ಕೆಳಗೆ ನೀರು ಹಲಗೆ ತಟ್ಟಿತು.
ಅಮ್ಮನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಅಪ್ಪ ಚಾಕು ತೆಗೆದು ತನ್ನ ಪಾಲಿನದೊಂದನ್ನು ಸೀಳಿದ,
ನಿಂಬೆ ಹಿಂಡಿದ,
ಹಳದಿ ನಾಲಗೆಗಳನ್ನು ಚಮಚದಲ್ಲಿ ಕೆರೆದು
ಅರ್ಧ ನನಗೆ ಚಾಚಿದ.
ತಿಂದೆ. ಉಪ್ಪು, ಹುಳಿ, ಕಬ್ಬಿಣದ ರುಚಿ.
ಬಾಯಲ್ಲಿ ಎಷ್ಟು ಲಕ್ಷವಿದ್ದವೋ.

ಟಾರ್ಚು ಮಂಕಾಗುತ್ತಿತ್ತು.
ಕಣ್ಣಿಟ್ಟೆ.
ಈ ಸಲ ಗೆರೆ ಅಡ್ಡಕ್ಕೆ
ಈಗಷ್ಟೇ ಬೀಳುತ್ತಿತ್ತು.