ಹಲ್ಲಿಗೆ ಸಿಗದ ಮರಳು

ಅಮ್ಮಿ ಭಟ್ಟಿಯಲ್ಲಿ ಜರಡಿ ಹಿಡಿಯುತ್ತಿದ್ದಳು.
ಕಾದ ಮರಳು ಕೆಳಗೆ, ಮಂಡಕ್ಕಿ ಮೇಲೆ.
ದಾವಣಗೆರೆಯ ಆ ಓಣಿಯಲ್ಲಿ ಹುಟ್ಟಿದವರಿಗೆ
ಮರಳಿಗೂ ವಯಸ್ಸುಂಟೆಂದು ಗೊತ್ತು:
ಹೊಸದು ಕಚ್ಚುತ್ತದೆ, ಹಳೆಯದು ಕಪ್ಪಾಗಿ
ಎಣ್ಣೆ ಹಚ್ಚಿದಂತೆ ಜಾರುತ್ತದೆ.
ಮುಂದಿನ ಅಂಗಡಿಯಲ್ಲಿ ಗಿರಾಕಿ ಒಬ್ಬ
ದವಡೆ ಹಿಡಿದು ನಿಂತರೆ ಸಾಕು,
ಅಮ್ಮಿ ಆ ರಾತ್ರಿ ಉಣ್ಣುತ್ತಿರಲಿಲ್ಲ.

ನಾನೀಗ ಕರೂರಿನ ಶೆಡ್ಡಿನಲ್ಲಿ ತಂತಿ ಸುತ್ತುತ್ತೇನೆ,
ಬೋರಿನ ತಳಕ್ಕೆ ಇಳಿಯುವ ಜಾಲರಿ ಕೊಳವೆಗೆ.
ಮೂವತ್ತೆರಡು ಸರಳು ಉಂಗುರದ ಹಾಗೆ ನಿಂತಿವೆ,
ಅವುಗಳ ಮೇಲೆ ಒಂದೇ ತಂತಿ,
ಪ್ರತಿ ಸರಳಿಗೂ ಒಂದು ಕಿಡಿ, ಒಂದು ಬೆಸುಗೆ.
ಎಣಿಸುವುದು ಬಿಟ್ಟು ಎಷ್ಟೋ ವರ್ಷ, ಆದರೂ
ಒಂದು ತಪ್ಪಿದರೆ ಕಿವಿ ಎದ್ದು ನಿಲ್ಲುತ್ತದೆ.

ಪರಶುರಾಂಪುರದ ಕಡೆಯ ಪಾಲಯ್ಯ
ವೇದಾವತಿ ದಂಡೆಯ ಮರಳು ತಂದ,
ಮದುವೆ ತಾಂಬೂಲದ ಹಳದಿ ಚೀಲದಲ್ಲಿ.
ವಧೂವರರ ಹೆಸರು ಇನ್ನೂ ಓದಬಹುದು.
ಅರವತ್ತು ಅಡಿಯಿಂದ ಎತ್ತಿದ್ದು,
ಒದ್ದೆ ಕಬ್ಬಿಣದ ವಾಸನೆ.
ಬಾಣಲೆಯಲ್ಲಿ ಹುರಿದೆ. ಕೈ ತಾನಾಗಿ ತಿರುವಿತು,
ಅಮ್ಮಿಯದೇ ತಿರುವು.
ಐದು ಜರಡಿ, ಒಂದರ ಕೆಳಗೊಂದು. ಐದು ಗುಪ್ಪೆ. ತಕ್ಕಡಿ.
ಬರೆದೆ: ಸಂದು, ಅರ್ಧ ಮಿಲಿಮೀಟರು.

“ಒಂದು ಇಡಮ್ಮ ಜೈತುನ್‌ಬೀ,” ಎಂದರು ಮೌನೇಶಾಚಾರ್,
“ಬಾಯಿ ದೊಡ್ಡದಾದಷ್ಟು ನೀರು.”
ಬಾಯಿ ದೊಡ್ಡದಾದಷ್ಟು ಮಣ್ಣೂ, ಆಚಾರ್ರೇ.
ನಕ್ಕರು. ಗೇಜು ಕೈಗೆ ಕೊಟ್ಟರು.

ತಂತಿ ದುಂಡಗಿಲ್ಲ, ಗೊತ್ತೆ? ಮೂರು ಮೂಲೆಯದು.
ಅಗಲ ಬೆನ್ನು ಹೊರಗೆ, ಚೂಪು ಒಳಗೆ.
ಹಾಗಾಗಿ ಸಂದು ಹೊಸ್ತಿಲಲ್ಲಿ ಇಕ್ಕಟ್ಟು,
ಒಳಕ್ಕೆ ಹೋದಂತೆ ವಿಶಾಲ.
ದಾಟಲು ಬಂದ ಕಾಳು
ನಡುವೆ ಸಿಕ್ಕಿ ಉಸಿರು ಕಟ್ಟಿಸಬಾರದು:
ಒಂದೋ ಹೊರಗೇ ಇರು, ಒಂದೋ ಪೂರಾ ಬಾ.
ಈ ಮಾತನ್ನು ನನ್ನ ಮದುವೆ ಮಾತುಕತೆಯಲ್ಲಿ
ಯಾರಾದರೂ ಹೇಳಬಹುದಿತ್ತು. ಇರಲಿ.

ಎಲ್ಲ ಮರಳನ್ನೂ ತಡೆಯಲಿಕ್ಕಲ್ಲ ಇದು.
ಅಷ್ಟು ತಿಳಿಯಲು ಮೂರು ಬೋರು ಕೆಡಬೇಕಾಯಿತು.
ನುಣ್ಣಗಿನದು ಮೊದಲು ಹೋಗಬೇಕು, ಬಿಡಬೇಕು;
ಆಮೇಲೆ ದಪ್ಪನೆಯವು ಒಂದಕ್ಕೊಂದು ಭುಜ ಕೊಟ್ಟು
ಸಂದಿನ ಹೊರಗೆ ಕೂತು
ತಾವೇ ಜರಡಿಯಾಗುತ್ತವೆ.
ನಾನು ಸುತ್ತಿದ್ದು ಬರೀ ನೆಪ,
ಮರಳನ್ನು ತಡೆಯುವುದು ಮರಳೇ.

ಬೋರು ತೊಳೆದ ದಿನ ನಾನೂ ಹೋಗಿದ್ದೆ.
ಮೊದಲು ರಾಗಿ ಅಂಬಲಿ. ಆಮೇಲೆ
ಬೆಲ್ಲದ ನೀರು. ಮಧ್ಯಾಹ್ನದ ಹೊತ್ತಿಗೆ ಪಾಲಯ್ಯ
ನನ್ನ ಮುಖ ನೋಡುವುದನ್ನೇ ಬಿಟ್ಟ.
ಸಂಜೆ ಐದಕ್ಕೆ
ಬಕೆಟ್ಟಿನ ತಳದ ಕಂಪನಿ ಹೆಸರು ಕಂಡಿತು.

ಅವರೆಲ್ಲ ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದರು.
ನಾನು ಒಂದು ಬೊಗಸೆ ಬಾಯಿಗೆ ಹಾಕಿ
ಹಲ್ಲಿಗೆ ಹಲ್ಲು ಮಸೆದೆ, ನಿಧಾನ,
ಮಂಡಕ್ಕಿ ಅಗಿದಂತೆ.
ಏನಮ್ಮ, ಅಂದ ಪಾಲಯ್ಯ.
ಸುಮ್ಮನಿರು ಎಂದು ಕೈ ಮಾಡಿದೆ.
ಇನ್ನೊಂದು ಬೊಗಸೆ.